ಮರದ ಕಡೆತ

ಮರದ ತುಂಡನ್ನು ಲೇತ್ ಯಂತ್ರಕ್ಕೆ ಬಿಗಿದು, ಅದನ್ನು ಒಂದು ಅಕ್ಷದ ಸುತ್ತ ತಿರುಗಿಸುತ್ತ, ಆಸರೆಯ ಮೇಲೆ ಹಿಡಿದ ಉಳಿಯಿಂದ ಕೆತ್ತಿ ದುಂಡನೆಯ ರೂಪ ಕೊಡುವ ಕಸುಬನ್ನು ಮರದ ಕಡೆತ ಎನ್ನುತ್ತಾರೆ. ಬಡಗಿಯ ಇತರ ಕೆಲಸಗಳಲ್ಲಿ ಮರವು ಸ್ಥಿರವಾಗಿದ್ದು ಉಪಕರಣವು ಚಲಿಸುತ್ತದೆ. ಕಡೆತದಲ್ಲಿ ಮರವೇ ತಿರುಗುತ್ತದೆ, ಉಪಕರಣವು ಅದಕ್ಕೆ ತಾಗಿ ನಿಲ್ಲುತ್ತದೆ. ಲಟ್ಟಣಿಗೆ, ಬುಗುರಿ, ಮಂಚದ ಮತ್ತು ತೊಟ್ಟಿಲ ಕಾಲುಗಳು, ಮೆಟ್ಟಿಲ ಕಟಾಂಜನದ ಕಂಬಗಳು, ಚದುರಂಗದ ಕಾಯಿಗಳು, ಕುಂಕುಮದ ಭರಣಿ, ಮರದ ಬಟ್ಟಲು, ಆಟಿಕೆಗಳು ಮೊದಲಾದವು ಈ ವಿಧಾನದಿಂದ ತಯಾರಾಗುತ್ತವೆ.

ಈ ಕಸುಬಿನಲ್ಲಿ ಉಳಿಯನ್ನು ಬಳಸುವ ಕೌಶಲದಷ್ಟೇ ಮುಖ್ಯವಾದುದು ಮರವನ್ನು ಯಂತ್ರಕ್ಕೆ ಬಿಗಿಯುವ ಕ್ರಮ. ಯಾವ ಆಕಾರ ಸಾಧ್ಯ, ಯಾವ ಉಳಿ ಬೇಕು, ಎಷ್ಟು ವೇಗ ಸುರಕ್ಷಿತ ಎಂಬುವೆಲ್ಲ ಬಹುಮಟ್ಟಿಗೆ ಈ ಕ್ರಮವನ್ನು ಅವಲಂಬಿಸಿವೆ.

ಪದದ ಹಿನ್ನೆಲೆ

ಕನ್ನಡದಲ್ಲಿ ‘ಕಡೆ’ ಎಂಬ ಧಾತುವಿಗೆ ಮಥಿಸು ಎಂಬ ಅರ್ಥವೂ, ತಿರುಗಿಸಿ ದುಂಡಗೆ ಮಾಡು ಎಂಬ ಅರ್ಥವೂ ಇವೆ. ಮೊಸರು ಕಡೆಯುವ ಕಡಗೋಲಿಗೆ ಹಗ್ಗವನ್ನು ಸುತ್ತಿ ಎರಡು ತುದಿಗಳನ್ನು ಸರದಿಯಂತೆ ಎಳೆದಾಗ ಕೋಲು ಒಮ್ಮೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ತಿರುಗುತ್ತದೆ. ಪ್ರಾಚೀನ ಲೇತ್ ಕೂಡ ಇದೇ ಚಲನೆಯಿಂದ ಕೆಲಸ ಮಾಡುತ್ತಿತ್ತು. ಒಂದೇ ಧಾತು ಎರಡೂ ಕೆಲಸಗಳಿಗೆ ಸಲ್ಲುವುದು ಸಹಜವಾಗಿಯೇ ಇದೆ.

ಇತಿಹಾಸ

ಲೇತ್‌ನ ಅತ್ಯಂತ ಹಳೆಯ ಚಿತ್ರರೂಪದ ಸಾಕ್ಷ್ಯವು ಈಜಿಪ್ಟಿನ ಪೆಟೋಸಿರಿಸ್ ಎಂಬ ಅರ್ಚಕನ ಸಮಾಧಿಯ ಉಬ್ಬುಶಿಲ್ಪದಲ್ಲಿದೆ. ಇದರ ಕಾಲ ಸುಮಾರು ಕ್ರಿ.ಪೂ. 300. ಅದರಲ್ಲಿ ಒಬ್ಬನು ಪಟ್ಟಿಯನ್ನು ಎಳೆದು ಮರವನ್ನು ತಿರುಗಿಸುತ್ತಿದ್ದರೆ, ಇನ್ನೊಬ್ಬನು ಉಳಿ ಹಿಡಿದಿದ್ದಾನೆ. ಭಾರತದಲ್ಲಿ ಬಿಲ್ಲಿನ ದಾರದಿಂದ ತಿರುಗಿಸುವ ಕೈಲೇತ್ ಬಹುಕಾಲ ಬಳಕೆಯಲ್ಲಿತ್ತು. ಕುಶಲಕರ್ಮಿಯು ನೆಲದ ಮೇಲೆ ಕುಳಿತು, ಒಂದು ಕೈಯಿಂದ ಬಿಲ್ಲನ್ನು ಆಡಿಸುತ್ತ, ಇನ್ನೊಂದು ಕೈಯಿಂದ ಉಳಿಯನ್ನು ಹಿಡಿದು, ಕಾಲಿನಿಂದ ಅದಕ್ಕೆ ಆಸರೆ ಕೊಡುತ್ತಿದ್ದನು.

ಮಧ್ಯಯುಗದ ಯೂರೋಪಿನಲ್ಲಿ ಗಳು ಲೇತ್ ಪ್ರಚಾರದಲ್ಲಿತ್ತು. ತುಳಿಹಲಗೆಗೆ ಕಟ್ಟಿದ ಹಗ್ಗವನ್ನು ಮರಕ್ಕೆ ಸುತ್ತಿ, ಮೇಲೆ ಬಾಗುವ ಗಳುವಿಗೆ ಬಿಗಿಯುತ್ತಿದ್ದರು. ಹಲಗೆಯನ್ನು ತುಳಿದಾಗ ಮರವು ಕಡೆಯುವವನ ಕಡೆಗೆ ತಿರುಗುತ್ತಿತ್ತು. ಕಾಲನ್ನು ಎತ್ತಿದಾಗ ಗಳು ಅದನ್ನು ಹಿಂದಕ್ಕೆ ಸೆಳೆಯುತ್ತಿತ್ತು. ಇಂಗ್ಲೆಂಡಿನ ಚಿಲ್ಟರ್ನ್ ಬೆಟ್ಟಗಳ ಬೀಚ್ ಕಾಡುಗಳಲ್ಲಿ ಕುರ್ಚಿಯ ಕಾಲುಗಳನ್ನು ಹಸಿ ಮರದಿಂದ ಹೀಗೆಯೇ ಕಡೆಯುತ್ತಿದ್ದರು. ಇಂಥ ಲೇತ್‌ನಲ್ಲಿ ಅರ್ಧ ಸಮಯ ಮಾತ್ರ ಕೆತ್ತನೆ ಸಾಧ್ಯ. ದೊಡ್ಡ ಚಕ್ರ, ಆಮೇಲೆ ಉಗಿಯಂತ್ರ ಮತ್ತು ವಿದ್ಯುತ್ ಮೋಟಾರು ಬಂದ ಮೇಲೆ ಮರವು ಒಂದೇ ದಿಕ್ಕಿನಲ್ಲಿ ನಿರಂತರವಾಗಿ ತಿರುಗುವಂತಾಯಿತು.

ಲೇತ್‌ನ ಭಾಗಗಳು

ಇಂದಿನ ಮರದ ಲೇತ್‌ನಲ್ಲಿ ನಾಲ್ಕು ಮುಖ್ಯ ಭಾಗಗಳಿವೆ.

• ಬೆಡ್: ಉಳಿದೆಲ್ಲ ಭಾಗಗಳನ್ನು ಹೊರುವ ಉದ್ದನೆಯ ತಳ. ಇದು ಭಾರವಾಗಿದ್ದಷ್ಟೂ ಕಂಪನ ಕಡಿಮೆ.
• ಹೆಡ್‌ಸ್ಟಾಕ್: ಎಡತುದಿಯಲ್ಲಿರುವ ತಲೆಭಾಗ. ಇದರಲ್ಲಿರುವ ಸ್ಪಿಂಡಲ್ ಎಂಬ ತಿರುಗುವ ದಂಡವು ಮರಕ್ಕೆ ಚಲನೆ ನೀಡುತ್ತದೆ.
• ಟೈಲ್‌ಸ್ಟಾಕ್: ಬಲಗಡೆಯ ಬಾಲಭಾಗ. ಬೇಕಾದಲ್ಲಿಗೆ ಸರಿಸಿ ಮರದ ಇನ್ನೊಂದು ತುದಿಗೆ ಆಸರೆ ಕೊಡಬಹುದು.
• ಟೂಲ್ ರೆಸ್ಟ್: ಉಳಿಯನ್ನು ಊರುವ ಆಸರೆ. ಲೋಹದ ಲೇತ್‌ನಲ್ಲಿ ಉಳಿಯನ್ನು ಯಂತ್ರವೇ ಬಿಗಿಯಾಗಿ ಹಿಡಿದಿರುತ್ತದೆ. ಮರದ ಲೇತ್‌ನಲ್ಲಿ ಉಳಿಯು ಸಾಮಾನ್ಯವಾಗಿ ಕೈಯಲ್ಲೇ ಇರುತ್ತದೆ.

ನಾರಿನ ದಿಕ್ಕು

ಮರವು ಉದ್ದುದ್ದ ನಾರುಗಳ ಕಟ್ಟು. ಈ ನಾರುಗಳು ಲೇತ್‌ನ ಅಕ್ಷಕ್ಕೆ ಹೇಗೆ ನಿಂತಿವೆ ಎಂಬುದರ ಮೇಲೆ ಕಡೆತವನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ.

ನಾರುಗಳು ಅಕ್ಷಕ್ಕೆ ಸಮಾಂತರವಾಗಿದ್ದರೆ ಅದು ಕಂಬದ ಕಡೆತ. ಲಟ್ಟಣಿಗೆ, ಕುರ್ಚಿಯ ಕಾಲು, ಉಪಕರಣಗಳ ಹಿಡಿಗಳು ಈ ಬಗೆಗೆ ಸೇರುತ್ತವೆ. ಇಲ್ಲಿ ಉಳಿಯನ್ನು ಯಾವಾಗಲೂ ದಪ್ಪನೆಯ ಭಾಗದಿಂದ ಸಣ್ಣನೆಯ ಭಾಗದತ್ತ, ಎಂದರೆ ಇಳಿಜಾರಿನಲ್ಲಿ ಸಾಗಿಸಬೇಕು. ವಿರುದ್ಧ ದಿಕ್ಕಿನಲ್ಲಿ ಸಾಗಿದರೆ ಉಳಿಯು ನಾರುಗಳ ತುದಿಯನ್ನು ಎಬ್ಬಿಸಿ ಸಿಬಿರು ಏಳಿಸುತ್ತದೆ.

ನಾರುಗಳು ಅಕ್ಷಕ್ಕೆ ಅಡ್ಡವಾಗಿದ್ದರೆ ಅದು ಬಟ್ಟಲಿನ ಕಡೆತ. ತಟ್ಟೆ, ಬಟ್ಟಲುಗಳನ್ನು ಬಹುಮಟ್ಟಿಗೆ ಹೀಗೆ ಕಡೆಯುತ್ತಾರೆ. ಮರವು ಒಂದು ಸುತ್ತು ತಿರುಗುವಷ್ಟರಲ್ಲಿ ಉಳಿಗೆ ಎರಡು ಸಲ ನಾರಿನ ಪಕ್ಕವೂ ಎರಡು ಸಲ ನಾರಿನ ತುದಿಯೂ ಎದುರಾಗುತ್ತವೆ. ಆದುದರಿಂದ ಇಲ್ಲಿನ ನಿಯಮ ಬೇರೆ: ಹೊರಮೈಯನ್ನು ತಳದಿಂದ ಅಂಚಿನತ್ತ, ಒಳಮೈಯನ್ನು ಅಂಚಿನಿಂದ ನಡುವಿನತ್ತ ಕೆತ್ತಬೇಕು. ಹೀಗೆ ಮಾಡಿದಾಗ ಕತ್ತರಿಸಲ್ಪಡುವ ಪ್ರತಿ ನಾರಿಗೂ ಹಿಂದಿನಿಂದ ಇನ್ನೊಂದು ನಾರಿನ ಆಸರೆ ಇರುತ್ತದೆ.

ಮರವನ್ನು ಬಿಗಿಯುವ ವಿಧಾನಗಳು

ಎರಡು ಮೊನೆಗಳ ನಡುವೆ: ಅತ್ಯಂತ ಹಳೆಯ ಹಾಗೂ ಸರಳ ವಿಧಾನ. ಚೌಕನೆಯ ತುಂಡಿನ ಎರಡೂ ತುದಿಗಳಲ್ಲಿ ಮೂಲೆಯಿಂದ ಮೂಲೆಗೆ ಗೆರೆ ಎಳೆದರೆ ಅವು ಕೂಡುವ ಬಿಂದುವೇ ಕೇಂದ್ರ. ಹೆಡ್‌ಸ್ಟಾಕ್ ಕಡೆಯ ಹಲ್ಲುಳ್ಳ ಮೊನೆಯು ಮರವನ್ನು ಕಚ್ಚಿ ತಿರುಗಿಸುತ್ತದೆ. ಟೈಲ್‌ಸ್ಟಾಕ್‌ನ ಮೊನೆಯು ಒತ್ತಿ ಹಿಡಿಯುತ್ತದೆ. ಹಲ್ಲುಗಳನ್ನು ಮರಕ್ಕೆ ಕೂರಿಸಬೇಕಾದರೆ ಮರದ ಸುತ್ತಿಗೆಯಿಂದ ಬೇರೆಡೆ ಬಡಿದು ಕೂರಿಸಬೇಕು. ಯಂತ್ರದ ಮೇಲೆಯೇ ಬಡಿದರೆ ಸ್ಪಿಂಡಲ್‌ನ ಬೇರಿಂಗ್‌ಗಳು ಕೆಡುತ್ತವೆ. ತುಂಡಿನ ಉದ್ದವು ಅದರ ದಪ್ಪಕ್ಕಿಂತ ಬಹಳ ಹೆಚ್ಚಾಗಿದ್ದರೆ ನಡುಭಾಗ ಬಳುಕಿ ಕಂಪಿಸುತ್ತದೆ. ಆಗ ನಡುವೆ ಇನ್ನೊಂದು ಆಸರೆ ಬೇಕಾಗುತ್ತದೆ.

ಫೇಸ್‌ಪ್ಲೇಟ್: ತೂತುಗಳುಳ್ಳ ಲೋಹದ ಬಿಲ್ಲೆ. ಇದನ್ನು ಮರಕ್ಕೆ ಸ್ಕ್ರೂಗಳಿಂದ ಬಿಗಿದು ಸ್ಪಿಂಡಲ್‌ಗೆ ತಿರುಗಿಸಿ ಕೂರಿಸುತ್ತಾರೆ. ದೊಡ್ಡ ಹಾಗೂ ಸಮತೋಲವಿಲ್ಲದ ದಿಮ್ಮಿಗಳಿಗೆ ಇದು ಭರವಸೆಯ ವಿಧಾನ. ಆದರೆ ಸ್ಕ್ರೂಗಳು ನಾರಿಗೆ ಅಡ್ಡವಾಗಿ ಇಳಿದಾಗ ಮಾತ್ರ ಗಟ್ಟಿಯಾಗಿ ಹಿಡಿಯುತ್ತವೆ. ದಿಮ್ಮಿಯ ತುದಿಮುಖಕ್ಕೆ ಹಾಕಿದ ಸ್ಕ್ರೂ ನಾರುಗಳ ನಡುವೆ ಜಾರಿ ಕಿತ್ತುಬರಬಹುದು.

ಅಂಟಿನ ತುಂಡು: ಮರದ ತಳದಲ್ಲಿ ಸ್ಕ್ರೂ ಗುರುತು ಉಳಿಯಬಾರದೆಂದಾಗ ಒಂದು ಅಗ್ಗದ ಮರದ ತುಂಡನ್ನು ತಳಕ್ಕೆ ಅಂಟಿಸಿ, ಫೇಸ್‌ಪ್ಲೇಟನ್ನು ಆ ತುಂಡಿಗೆ ಬಿಗಿಯುತ್ತಾರೆ. ಎರಡರ ನಡುವೆ ಕಾಗದವಿಟ್ಟು ಅಂಟಿಸಿದರೆ ಕೆಲಸ ಮುಗಿದ ಮೇಲೆ ಉಳಿಯಿಂದ ಸುಲಭವಾಗಿ ಬಿಡಿಸಬಹುದು. ಇಂಥ ಕಾಗದದ ಬೆಸುಗೆ ಹಗುರ ಕೆಲಸಗಳಿಗೆ ಮಾತ್ರ ತಕ್ಕದ್ದು.

ನಾಲ್ಕು ದವಡೆಯ ಚಕ್: ಒಂದೇ ಕೀಲಿಯಿಂದ ನಾಲ್ಕೂ ದವಡೆಗಳು ಒಟ್ಟಿಗೆ ಸರಿದು ಮರವನ್ನು ನಡುವಿಗೆ ತಂದು ಹಿಡಿಯುತ್ತವೆ. ಇದಕ್ಕಾಗಿ ಮರದ ತಳದಲ್ಲಿ ದುಂಡನೆಯ ಗುಬುಟನ್ನಾಗಲಿ, ದುಂಡನೆಯ ಗುಣಿಯನ್ನಾಗಲಿ ಕಡೆದಿಟ್ಟುಕೊಳ್ಳಬೇಕು. ಗುಬುಟಿನ ವ್ಯಾಸವು ಬಟ್ಟಲಿನ ವ್ಯಾಸದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಾಗದಿರುವುದು ಒಳ್ಳೆಯದು. ಗುಬುಟಿನ ತುದಿಯು ಚಕ್ಕಿನ ತಳಕ್ಕೆ ತಾಗಬಾರದು. ಅದರ ಸುತ್ತಲಿನ ಭುಜವು ದವಡೆಗಳ ಮೇಲ್ಮುಖಕ್ಕೆ ಕೂತಿರಬೇಕು. ಮರ ಅಲುಗಾಡದಂತೆ ತಡೆಯುವುದು ಈ ಭುಜವೇ. ಗುಣಿಯಲ್ಲಿ ದವಡೆಗಳನ್ನು ಹೊರಕ್ಕೆ ಅಗಲಿಸಿ ಹಿಡಿಸುವಾಗ ಅತಿಯಾಗಿ ಬಿಗಿದರೆ ಮರ ಸೀಳುತ್ತದೆ.

ಜಾಮ್ ಚಕ್: ಅನುಪಯುಕ್ತ ಮರದ ತುಂಡಿನಲ್ಲಿ ಕೆಲಸದ ಅಳತೆಗೆ ಸರಿಯಾದ ಗುಣಿಯನ್ನೋ ಉಬ್ಬನ್ನೋ ಕಡೆದು, ವಸ್ತುವನ್ನು ಅದಕ್ಕೆ ಒತ್ತಿ ಕೂರಿಸುವ ವಿಧಾನ. ಡಬ್ಬಿಯ ಮುಚ್ಚಳ ಮತ್ತು ಬಟ್ಟಲಿನ ತಳವನ್ನು ಮುಗಿಸಲು ಇದನ್ನು ಬಳಸುತ್ತಾರೆ. ಸಾಧ್ಯವಿರುವವರೆಗೆ ಟೈಲ್‌ಸ್ಟಾಕ್‌ನ ಆಸರೆಯನ್ನು ತೆಗೆಯಬಾರದು.

ಒಂದು ಬಟ್ಟಲನ್ನು ಕಡೆಯುವಾಗ ಸಾಮಾನ್ಯವಾಗಿ ಮೂರು ಸಲ ಬಿಗಿಯಬೇಕಾಗುತ್ತದೆ. ಮೊದಲು ಮುಂದೆ ಬಾಯಿಯಾಗಲಿರುವ ಮುಖಕ್ಕೆ ಫೇಸ್‌ಪ್ಲೇಟ್ ಹಾಕಿ ಹೊರಮೈಯನ್ನೂ ತಳದ ಗುಬುಟನ್ನೂ ಕಡೆಯುತ್ತಾರೆ. ಆಮೇಲೆ ತಿರುಗಿಸಿ, ಗುಬುಟನ್ನು ಚಕ್ಕಿಗೆ ಹಿಡಿಸಿ ಒಳಭಾಗವನ್ನು ತೋಡುತ್ತಾರೆ. ಕೊನೆಗೆ ಜಾಮ್ ಚಕ್ಕಿಗೆ ಕವುಚಿ ಹಾಕಿ ಗುಬುಟನ್ನು ತೆಗೆದು ತಳವನ್ನು ನಯಗೊಳಿಸುತ್ತಾರೆ. ಪ್ರತಿಯೊಂದು ಹಂತದಲ್ಲೂ ಮುಂದಿನ ಹಿಡಿತಕ್ಕೆ ಬೇಕಾದ ಭಾಗವನ್ನು ಮೊದಲೇ ಉಳಿಸಿಕೊಳ್ಳುವುದರಲ್ಲಿ ಕಡೆಯುವವನ ದೂರದೃಷ್ಟಿ ಕಾಣುತ್ತದೆ.

ಉಳಿಗಳು ಮತ್ತು ಅವುಗಳ ಬಳಕೆ

ದೋಣಿಯಂತೆ ತೋಡಿದ ಗೌಜ್ ಉಳಿಯು ಬಹುತೇಕ ಕೆಲಸಗಳಿಗೆ ಒದಗುತ್ತದೆ. ಚೌಕನೆಯ ತುಂಡನ್ನು ದುಂಡಗೆ ಮಾಡಲು ಅಗಲವಾದ ಗೌಜ್, ಬಟ್ಟಲಿಗೆ ಆಳವಾದ ಗಾಡಿಯುಳ್ಳ ಗೌಜ್ ಬೇಕು. ಅಗಲವಾದ ಗೌಜನ್ನು ಬಟ್ಟಲಿಗೆ ಬಳಸುವುದು ಅಪಾಯಕರ. ಎದುರಾಗುವ ತುದಿನಾರು ಅದನ್ನು ಕಚ್ಚಿ ಮುರಿಯಬಲ್ಲದು. ಓರೆಬಾಯಿಯ ಸ್ಕ್ಯೂ ಉಳಿಯು ಕಂಬದ ಕಡೆತದಲ್ಲಿ ಅತ್ಯಂತ ನಯವಾದ ಮೈ ಕೊಡುತ್ತದೆ, ಆದರೆ ಕಲಿಯಲು ಕಷ್ಟ. ಪಾರ್ಟಿಂಗ್ ಉಳಿಯು ವಸ್ತುವನ್ನು ಕತ್ತರಿಸಿ ಬೇರ್ಪಡಿಸುತ್ತದೆ. ಸ್ಕ್ರೇಪರ್ ಹೆರೆದು ಸಮಗೊಳಿಸುತ್ತದೆ. ಅದರ ಬಾಯಿ ಹಿಡಿಗಿಂತ ಸ್ವಲ್ಪ ಕೆಳಗಿರಬೇಕು.

ಕೆತ್ತುವ ಉಳಿಗಳಿಗೆ ಒಂದು ಕ್ರಮವಿದೆ. ಮೊದಲು ಉಳಿಯನ್ನು ಟೂಲ್ ರೆಸ್ಟ್ ಮೇಲೆ ಊರಬೇಕು. ಆಮೇಲೆ ಸಾಣೆ ಹಿಡಿದ ಇಳಿಮುಖವನ್ನು ತಿರುಗುವ ಮರಕ್ಕೆ ತಾಗಿಸಬೇಕು. ಕೊನೆಗೆ ಹಿಡಿಯನ್ನು ಮೆಲ್ಲನೆ ಎತ್ತಿದಾಗ ಬಾಯಿ ಕೆತ್ತತೊಡಗುತ್ತದೆ. ಇಳಿಮುಖದ ಆಸರೆಯಿಲ್ಲದೆ ಬಾಯಿಯ ಮೂಲೆ ಮರಕ್ಕೆ ಸಿಕ್ಕಿದರೆ ಉಳಿಯು ಒಮ್ಮೆಲೇ ಒಳಕ್ಕೆ ಸೆಳೆಯಲ್ಪಡುತ್ತದೆ. ವಸ್ತು ಹಾಳಾಗುವುದೂ, ಮರವು ಚಕ್ಕಿನಿಂದ ಹಾರುವುದೂ ಹೆಚ್ಚಾಗಿ ಈ ಕಾರಣದಿಂದ.

ವೇಗ

ಲೇತ್‌ನ ವೇಗವನ್ನು ನಿಮಿಷಕ್ಕೆ ಎಷ್ಟು ಸುತ್ತು ಎಂದು ಎಣಿಸುತ್ತಾರೆ. ಆದರೆ ಮುಖ್ಯವಾದುದು ಅಂಚಿನ ವೇಗ. ನಿಮಿಷಕ್ಕೆ 2000 ಸುತ್ತಿನಲ್ಲಿ 5 ಸೆಂ.ಮೀ. ವ್ಯಾಸದ ಕೋಲಿನ ಹೊರಮೈ ಸೆಕೆಂಡಿಗೆ ಸುಮಾರು 5 ಮೀಟರ್ ಚಲಿಸುತ್ತದೆ. ಅದೇ ಸುತ್ತಿನಲ್ಲಿ 30 ಸೆಂ.ಮೀ. ವ್ಯಾಸದ ದಿಮ್ಮಿಯ ಅಂಚು ಸೆಕೆಂಡಿಗೆ 31 ಮೀಟರ್, ಎಂದರೆ ಗಂಟೆಗೆ 110 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಸಾಗುತ್ತದೆ. ಅಂಥ ದಿಮ್ಮಿ ಹಿಡಿತ ತಪ್ಪಿದರೆ ಅದು ಪ್ರಾಣಾಪಾಯಕಾರಿ. ಅಂಗುಲಗಳಲ್ಲಿ ವ್ಯಾಸವನ್ನು ಸುತ್ತುಗಳಿಂದ ಗುಣಿಸಿದಾಗ ಬರುವ ಸಂಖ್ಯೆ 6000ದಿಂದ 9000ದ ಒಳಗಿರಬೇಕೆಂಬುದು ಕುಶಲಕರ್ಮಿಗಳಲ್ಲಿ ಬಳಕೆಯಲ್ಲಿರುವ ಸ್ಥೂಲ ಲೆಕ್ಕ. ಇದರಂತೆ 10 ಅಂಗುಲದ ಬಟ್ಟಲಿಗೆ 600ರಿಂದ 900 ಸುತ್ತು ಸಾಕು. ಸಮತೋಲವಿಲ್ಲದ ತುಂಡನ್ನು ಇದಕ್ಕಿಂತಲೂ ನಿಧಾನವಾಗಿ ಆರಂಭಿಸಬೇಕು.

ಹಸಿ ಮರ ಮತ್ತು ಒಣ ಮರ

ಹಸಿ ಮರವನ್ನು ಕಡೆಯುವುದು ಸುಲಭ, ಧೂಳೂ ಕಡಿಮೆ. ಆದರೆ ಒಣಗುವಾಗ ಮರವು ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಕುಗ್ಗುವುದಿಲ್ಲ. ವಾರ್ಷಿಕ ಉಂಗುರಗಳ ಗುಂಟ ಆಗುವ ಕುಗ್ಗುವಿಕೆಯು ತಿರುಳಿನಿಂದ ತೊಗಟೆಯತ್ತ ಆಗುವುದಕ್ಕಿಂತ ಸುಮಾರು ಎರಡರಷ್ಟಿರುತ್ತದೆ. ಆದುದರಿಂದ ದುಂಡಗೆ ಕಡೆದ ಹಸಿ ಬಟ್ಟಲು ಒಣಗಿದಾಗ ಅಂಡಾಕಾರವಾಗುತ್ತದೆ. ಇದಕ್ಕೆ ಪರಿಹಾರವಾಗಿ ಬಟ್ಟಲನ್ನು ಎರಡು ಸಲ ಕಡೆಯುತ್ತಾರೆ. ಮೊದಲ ಸಲ ಗೋಡೆಯನ್ನು ವ್ಯಾಸದ ಹತ್ತನೆಯ ಒಂದು ಭಾಗದಷ್ಟು ದಪ್ಪ ಬಿಟ್ಟು, ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿಸುತ್ತಾರೆ. ಎರಡನೆಯ ಸಲ ವಕ್ರವಾದ ಗುಬುಟನ್ನು ಮತ್ತೆ ದುಂಡಗೆ ಮಾಡಿಕೊಂಡು, ಬಿಗಿದು, ಅಂತಿಮ ರೂಪ ಕೊಡುತ್ತಾರೆ.

ಚನ್ನಪಟ್ಟಣದ ಅರಗಿನ ಕಡೆತ

ಕರ್ನಾಟಕದಲ್ಲಿ ಮರದ ಕಡೆತಕ್ಕೆ ಹೆಸರಾದ ಊರು ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿರುವ ಚನ್ನಪಟ್ಟಣ. ಇಲ್ಲಿನ ಕಲೆಗೆ ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಪ್ರೇರಣೆ ದೊರೆಯಿತೆಂಬ ಪ್ರತೀತಿಯಿದೆ. ಜಪಾನಿನ ಆಟಿಕೆ ತಂತ್ರಗಳನ್ನು ಅಳವಡಿಸಿ ಈ ಕಸುಬನ್ನು ಬೆಳೆಸಿದವರೆಂದು ಬಾವಾಸ್ ಮಿಯಾನ್ ಅವರನ್ನು ಸ್ಮರಿಸಲಾಗುತ್ತದೆ. ಚನ್ನಪಟ್ಟಣದ ಆಟಿಕೆ ಮತ್ತು ಗೊಂಬೆಗಳಿಗೆ 2005-06ರ ಸಾಲಿನಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ.

ಇಲ್ಲಿ ಸಾಂಪ್ರದಾಯಿಕವಾಗಿ ಬಳಸುವುದು ಬೆಳ್ಳಗಿನ, ಮೃದುವಾದ, ನಾರು ಒತ್ತಾಗಿರುವ ಆಲೆ ಮರ. ಒಣಗಿದ ತುಂಡಿನ ಒಂದು ತುದಿಯನ್ನು ಲೇತ್‌ಗೆ ಬಿಗಿದು, ಇನ್ನೊಂದು ತುದಿಯನ್ನು ಮುಕ್ತವಾಗಿ ಬಿಟ್ಟು ಕಡೆಯುತ್ತಾರೆ. ಬಣ್ಣ ಹಚ್ಚುವ ಕ್ರಮವೇ ಈ ಕಲೆಯ ವೈಶಿಷ್ಟ್ಯ. ಅರಗಿಗೆ ಬಣ್ಣ ಬೆರೆಸಿ ಮಾಡಿದ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದಾಗ ಘರ್ಷಣೆಯ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಒಣಗಿದ ಕೇದಗೆಯ ಎಲೆಯನ್ನು ಒತ್ತಿ ಹಿಡಿದು ಅದನ್ನು ಸಮನಾಗಿ ಹರಡಿ ಹೊಳಪು ಬರಿಸುತ್ತಾರೆ. ಬಣ್ಣ ಪೂರ್ತಿಯಾದ ಮೇಲೆಯೇ ಆಟಿಕೆಯನ್ನು ತುಂಡಿನಿಂದ ಕತ್ತರಿಸುತ್ತಾರೆ. ಹೀಗೆ ರೂಪ, ಬಣ್ಣ, ಹೊಳಪು ಮೂರೂ ಒಂದೇ ಹಿಡಿತದಲ್ಲಿ ಮುಗಿಯುತ್ತವೆ. ಅರಿಶಿನ, ನೀಲಿ ಮುಂತಾದ ಸಸ್ಯಮೂಲದ ಬಣ್ಣಗಳನ್ನು ಬಳಸಿದ ಆಟಿಕೆಗಳು ಚಿಕ್ಕ ಮಕ್ಕಳಿಗೆ ಸುರಕ್ಷಿತವೆಂದು ಬೇಡಿಕೆ ಪಡೆದಿವೆ. ಆಂಧ್ರಪ್ರದೇಶದ ಏಟಿಕೊಪ್ಪಾಕದಲ್ಲೂ ಇದೇ ಜಾತಿಯ ಮರದಿಂದ ಅರಗಿನ ಆಟಿಕೆಗಳನ್ನು ಕಡೆಯುತ್ತಾರೆ.

ಸುರಕ್ಷತೆ

• ಮುಖವನ್ನು ಪೂರ್ತಿಯಾಗಿ ಮುಚ್ಚುವ ಪಾರದರ್ಶಕ ಕವಚ ಧರಿಸಬೇಕು. ಕನ್ನಡಕವೊಂದೇ ಸಾಲದು.
• ಸಡಿಲವಾದ ತೋಳು, ಸೆರಗು, ಬಳೆ, ಉಂಗುರ, ಬಿಚ್ಚಿದ ಕೂದಲು ಇರಬಾರದು. ತಿರುಗುವ ಮರದ ಬಳಿ ಕೈಗವಸು ತೊಡಬಾರದು. ಅದು ಸಿಕ್ಕಿಕೊಂಡರೆ ಕೈಯನ್ನೇ ಎಳೆದುಕೊಳ್ಳುತ್ತದೆ.
• ಯಂತ್ರ ಚಾಲೂ ಮಾಡುವ ಮೊದಲು ಚಕ್ಕಿನ ಕೀಲಿ ತೆಗೆದಿರಬೇಕು. ಮರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಎಲ್ಲಿಯೂ ತಾಗುತ್ತಿಲ್ಲವೆಂದು ನೋಡಬೇಕು.
• ಚಾಲೂ ಮಾಡುವಾಗ ಮರದ ನೇರ ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು. ಬಿರುಕು ಬಿಟ್ಟ ಮರವನ್ನು ಬಳಸಬಾರದು.
• ಟೂಲ್ ರೆಸ್ಟನ್ನು ಸರಿಸುವ ಮೊದಲು ಯಂತ್ರ ನಿಲ್ಲಿಸಬೇಕು. ಉಪ್ಪುಕಾಗದದಿಂದ ಉಜ್ಜುವಾಗ ಅದನ್ನು ತೆಗೆದಿಡಬೇಕು. ಎಣ್ಣೆ, ಮೇಣ ಹಚ್ಚಲು ಬಟ್ಟೆಯ ಬದಲು ಸುಲಭವಾಗಿ ಹರಿಯುವ ಕಾಗದ ಬಳಸಬೇಕು.
• ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ವರ್ಗಕ್ಕೆ ಸೇರಿಸಿದೆ. ಧೂಳುತಡೆ ಮುಖಗವಸು ಮತ್ತು ಗಾಳಿಯಾಡುವ ಕೋಣೆ ಅಗತ್ಯ.