ರಬಕವಿ-ಬನಹಟ್ಟಿ ಪ್ರದೇಶದ ಸಾರಿಗೆ ಸಂಪರ್ಕ

ರಬಕವಿ-ಬನಹಟ್ಟಿ ಕರ್ನಾಟಕದ ಬಾಗಲಕೋಟೆ ಜಿಲ್ಲೆಯ ಅವಳಿ ನಗರ ಹಾಗೂ ತಾಲ್ಲೂಕು ಕೇಂದ್ರ. ರಬಕವಿ, ಬನಹಟ್ಟಿ, ಹೊಸೂರ ಮತ್ತು ರಾಮಪುರ ಸೇರಿ ಒಂದೇ ನಗರಸಭೆಯಾಗಿವೆ. ಹಿಂದೆ ಇದು ಜಮಖಂಡಿ ತಾಲ್ಲೂಕಿನ ಭಾಗವಾಗಿತ್ತು. ಈ ನಗರ ಹಾಗೂ ನೆರೆಯ ಜಮಖಂಡಿ, ಮುಧೋಳ, ಬೀಳಗಿ ತಾಲ್ಲೂಕುಗಳನ್ನು ಒಳಗೊಂಡ ಪ್ರದೇಶದ ಉತ್ತರಕ್ಕೆ ಕೃಷ್ಣಾ ನದಿ ಹರಿಯುತ್ತದೆ. ದಕ್ಷಿಣ ಭಾಗದಲ್ಲಿ ಮುಧೋಳದ ಬಳಿ ಘಟಪ್ರಭಾ ನದಿ ಹರಿಯುತ್ತದೆ. ಪೂರ್ವದಲ್ಲಿ ಗದಗ–ಹೋಟಗಿ ರೈಲು ಮಾರ್ಗ, ಪಶ್ಚಿಮದಲ್ಲಿ ಲೋಂಡಾ–ಮಿರಜ ರೈಲು ಮಾರ್ಗ ಇದ್ದರೂ ನೇಕಾರಿಕೆ, ಕಬ್ಬು ಮತ್ತು ಸಿಮೆಂಟಿಗೆ ಹೆಸರಾದ ನಡುವಣ ಈ ಭೂಭಾಗವು ಬಹುಕಾಲ ರಸ್ತೆಯನ್ನೇ ನಂಬಿ ಬೆಳೆದಿದೆ. ಆದ್ದರಿಂದ ಇಲ್ಲಿನ ಸಂಚಾರದಲ್ಲಿ ಸೇತುವೆಗಳಿಗೆ ಅಸಾಧಾರಣ ಮಹತ್ವವಿದೆ.

ಹಿನ್ನೆಲೆ

ಸ್ವಾತಂತ್ರ್ಯಪೂರ್ವದಲ್ಲಿ ಈ ಪ್ರದೇಶವು ಹಲವು ದೇಶೀ ಸಂಸ್ಥಾನಗಳಲ್ಲಿ ಹಂಚಿಹೋಗಿತ್ತು. ಬನಹಟ್ಟಿಯು ಜಮಖಂಡಿ ಸಂಸ್ಥಾನಕ್ಕೆ, ಅದಕ್ಕೆ ಅಂಟಿಕೊಂಡೇ ಇರುವ ರಬಕವಿಯು ತೇರದಾಳದೊಡನೆ ಸಾಂಗಲಿ ಸಂಸ್ಥಾನಕ್ಕೆ, ಸಮೀಪದ ಮಹಾಲಿಂಗಪುರವು ಮುಧೋಳ ಸಂಸ್ಥಾನಕ್ಕೆ ಸೇರಿದ್ದವು. ಇಂದು ಒಂದು ಆಟೋರಿಕ್ಷಾ ಪ್ರಯಾಣದಷ್ಟು ಅಂತರದಲ್ಲಿರುವ ಊರುಗಳು ಅಂದು ಬೇರೆ ಬೇರೆ ಆಡಳಿತಗಳ ಕೆಳಗಿದ್ದವು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಸದರ್ನ್ ಮರಾಠಾ ರೈಲ್ವೆಯು ನಿರ್ಮಿಸಿದ ಎರಡು ಮಾರ್ಗಗಳೂ ಈ ಪಟ್ಟಣಗಳ ಆಚೀಚೆ ಸಾಗಿದವು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನಗೊಂಡವು. 1956ರಲ್ಲಿ ವಿಜಾಪುರ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಅದರಿಂದ ಬಾಗಲಕೋಟೆ ಜಿಲ್ಲೆ ಬೇರ್ಪಟ್ಟಿತು. ಆಡಳಿತ ಬದಲಾದರೂ ಸಾಂಗಲಿ, ಮಿರಜ, ಇಚಲಕರಂಜಿಗಳೊಡನೆ ಇದ್ದ ವ್ಯಾಪಾರ ಹಾಗೂ ಬಂಧುತ್ವದ ಓಡಾಟ ಮುಂದುವರಿದಿದೆ.

ರಸ್ತೆಗಳು

ಪ್ರದೇಶದ ಮುಖ್ಯ ರಸ್ತೆ ಜಮಖಂಡಿ–ಮಿರಜ ಮಾರ್ಗ. ಇದು ಜಮಖಂಡಿಯಿಂದ ಬನಹಟ್ಟಿ, ರಬಕವಿ, ತೇರದಾಳ, ಹಾರೂಗೇರಿ ಕ್ರಾಸ್‌ಗಳನ್ನು ಹಾಯ್ದು ಕುಡಚಿಯನ್ನು ತಲುಪುತ್ತದೆ. ಅಲ್ಲಿ ಕೃಷ್ಣೆಯನ್ನು ದಾಟಿ ಉಗಾರ, ಕಾಗವಾಡಗಳ ಮೂಲಕ ಮಹಾರಾಷ್ಟ್ರವನ್ನು ಪ್ರವೇಶಿಸುತ್ತದೆ. ಮುಧೋಳ–ನಿಪ್ಪಾಣಿ ರಸ್ತೆಯು ಮಹಾಲಿಂಗಪುರ, ಮುಗಳಖೋಡ, ಚಿಕ್ಕೋಡಿಗಳ ಮೂಲಕ ಪುಣೆ–ಬೆಂಗಳೂರು ಹೆದ್ದಾರಿಯನ್ನು ಸೇರುತ್ತದೆ. ವಿಜಯಪುರದಿಂದ ಧಾರವಾಡದ ಕಡೆಗೆ ಹೋಗುವ ರಸ್ತೆಯು ಜಮಖಂಡಿ, ಮುಧೋಳ, ಲೋಕಾಪುರಗಳನ್ನು ಜೋಡಿಸುತ್ತದೆ. ಬೀಳಗಿ ತಾಲ್ಲೂಕಿನ ಪೂರ್ವಭಾಗದಲ್ಲಿ ವಿಜಯಪುರ–ಹುಬ್ಬಳ್ಳಿ ರಾಷ್ಟ್ರೀಯ ಹೆದ್ದಾರಿ 52 ಹಾದುಹೋಗುತ್ತದೆ.

ಕಬ್ಬು ಅರೆಯುವ ಹಂಗಾಮಿನಲ್ಲಿ ಈ ರಸ್ತೆಗಳ ಸ್ವರೂಪವೇ ಬದಲಾಗುತ್ತದೆ. ಸಮೀರವಾಡಿ, ಮುಧೋಳ, ಹಿರೇಪಡಸಲಗಿ ಮೊದಲಾದೆಡೆಯ ಸಕ್ಕರೆ ಕಾರ್ಖಾನೆಗಳಿಗೆ ಎರಡೆರಡು ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರುಗಳು ಹಗಲಿರುಳು ಸಾಗುತ್ತವೆ. ಹಿಂಬದಿಯಲ್ಲಿ ದೀಪ ಅಥವಾ ಪ್ರತಿಫಲಕವಿಲ್ಲದ ಟ್ರೇಲರುಗಳು ರಾತ್ರಿ ವೇಳೆ ದ್ವಿಚಕ್ರ ವಾಹನ ಸವಾರರಿಗೆ ಅಪಾಯಕಾರಿಯಾಗಿವೆ. ನೇಕಾರಿಕೆಗೆ ಬೇಕಾದ ನೂಲು ಬರುವುದೂ ಸಿದ್ಧವಾದ ಸೀರೆಗಳು ಹೊರಹೋಗುವುದೂ ಇವೇ ರಸ್ತೆಗಳ ಮೇಲೆ, ಬಹುತೇಕ ಲಾರಿಗಳಲ್ಲಿ.

ಸೇತುವೆಗಳು ಮತ್ತು ನದಿ ದಾಟು

ಜಮಖಂಡಿ–ವಿಜಯಪುರ ರಸ್ತೆಯು ಚಿಕ್ಕಪಡಸಲಗಿಯ ಬಳಿ ಕೃಷ್ಣೆಯನ್ನು ದಾಟುತ್ತದೆ. ರೈತರು ಸಿದ್ದು ನ್ಯಾಮಗೌಡರ ನೇತೃತ್ವದಲ್ಲಿ ತಾವೇ ಹಣ ಮತ್ತು ಶ್ರಮ ಒದಗಿಸಿ 1989ರಲ್ಲಿ ಪೂರ್ಣಗೊಳಿಸಿದ ‘ಶ್ರಮಬಿಂದು ಸಾಗರ’ ಬ್ಯಾರೇಜ್ ಇರುವುದೂ ಇಲ್ಲಿಯೇ. ಪೂರ್ವಕ್ಕೆ ಗಲಗಲಿಯಲ್ಲಿ, ಅದಕ್ಕೂ ಕೆಳಗೆ ಆಲಮಟ್ಟಿ ಜಲಾಶಯದ ಹಿನ್ನೀರಿನ ಮೇಲೆ ಕೊರ್ತಿ–ಕೊಲ್ಹಾರ ನಡುವೆ ಸೇತುವೆಗಳಿವೆ. ರಾಷ್ಟ್ರೀಯ ಹೆದ್ದಾರಿ ಹಾಯುವುದು ಕೊನೆಯದರ ಮೇಲೆ. ಪಶ್ಚಿಮದಲ್ಲಿ ಹಿಪ್ಪರಗಿ ಬ್ಯಾರೇಜ್ ಅಥಣಿ ತಾಲ್ಲೂಕಿನ ಕಡೆಗೆ ದಾರಿಯಾಗಿದೆ.

ರಬಕವಿಗೆ ನೇರ ಎದುರು ದಡದಲ್ಲಿರುವ ಮಹಿಷವಾಡಗಿಯ ಸ್ಥಿತಿ ಭಿನ್ನ. ಅಥಣಿ ಭಾಗದ ಗ್ರಾಮಸ್ಥರು, ವಿದ್ಯಾರ್ಥಿಗಳು ಮತ್ತು ವ್ಯಾಪಾರಿಗಳು ರಬಕವಿ-ಬನಹಟ್ಟಿಗೆ ಬರಲು ಬಹುಕಾಲ ದೋಣಿ ಹಾಗೂ ಬೋಟ್‌ಗಳನ್ನೇ ಅವಲಂಬಿಸಿದ್ದಾರೆ. ದ್ವಿಚಕ್ರ ವಾಹನಗಳನ್ನೂ ಅವುಗಳಲ್ಲೇ ಸಾಗಿಸಲಾಗುತ್ತದೆ. ಹೊಳೆ ಉಕ್ಕಿದಾಗ ದೋಣಿ ನಿಲ್ಲುತ್ತದೆ, ಕಣ್ಣೆದುರಿನ ಊರಿಗೆ ಸುತ್ತು ಹಾಕಿ ಹೋಗಬೇಕಾಗುತ್ತದೆ. ಇಲ್ಲಿ ಕೈಗೆತ್ತಿಕೊಂಡ ಸೇತುವೆ ಕಾಮಗಾರಿಯು ವಿಳಂಬದಿಂದಾಗಿ ಸ್ಥಳೀಯ ಹೋರಾಟಗಳ ವಿಷಯವಾಗಿತ್ತು.

ಪ್ರವಾಹದ ಪರಿಣಾಮ

ಕೃಷ್ಣೆಯ ನೆರೆಗೆ ಸ್ಥಳೀಯ ಮಳೆಗಿಂತ ಮಹಾರಾಷ್ಟ್ರದ ಪಶ್ಚಿಮಘಟ್ಟದ ಮಳೆ ಮತ್ತು ಕೊಯ್ನಾ ಮೊದಲಾದ ಜಲಾಶಯಗಳಿಂದ ಬಿಡುವ ನೀರೇ ಮುಖ್ಯ ಕಾರಣ. ಘಟಪ್ರಭೆಯ ನೆರೆಗೆ ಹಿಡಕಲ್ ಜಲಾಶಯದ ಹೊರಹರಿವು ಕಾರಣವಾಗುತ್ತದೆ. ಆದುದರಿಂದ ಬನಹಟ್ಟಿಯಲ್ಲಿ ಹನಿ ಮಳೆ ಬೀಳದ ದಿನವೂ ಕುಡಚಿ–ಉಗಾರ ಸೇತುವೆ ಮುಳುಗಿ ಮಿರಜದ ದಾರಿ ಮುಚ್ಚಬಹುದು. ಮುಧೋಳ–ಯಾದವಾಡ ಸೇತುವೆಯೂ ಮಳೆಗಾಲದಲ್ಲಿ ಮತ್ತೆ ಮತ್ತೆ ಜಲಾವೃತವಾಗುವಂಥದು. 2019ರ ಆಗಸ್ಟ್‌ನಲ್ಲಿ ಎರಡೂ ನದಿಗಳು ಒಟ್ಟಿಗೆ ಉಕ್ಕಿದಾಗ ಅನೇಕ ಗ್ರಾಮಗಳು ರಸ್ತೆ ಸಂಪರ್ಕವನ್ನು ಕಳೆದುಕೊಂಡವು. ಪ್ರವಾಹದ ಅವಧಿಯಲ್ಲಿ ರೋಗಿಗಳ ಸಾಗಣೆ, ಹಾಲು ಸಂಗ್ರಹ ಮತ್ತು ಶಾಲಾ ಸಂಚಾರಗಳಿಗೆ ಮೊದಲ ಪೆಟ್ಟು ಬೀಳುತ್ತದೆ.

ಬಸ್ ಸೇವೆ

ಸಾರ್ವಜನಿಕ ಬಸ್ ಸೇವೆಯನ್ನು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯುಳ್ಳ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಾಗಲಕೋಟೆ ವಿಭಾಗ ನಡೆಸುತ್ತದೆ. ಜಮಖಂಡಿ, ಮುಧೋಳ, ಬೀಳಗಿಗಳಲ್ಲಿ ಬಸ್ ಡಿಪೋಗಳಿವೆ. ನೆರೆಯ ವಿಜಯಪುರ ಜಿಲ್ಲೆಯು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ವ್ಯಾಪ್ತಿಗೆ ಸೇರಿದೆ. 2023ರ ಜೂನ್ 11ರಂದು ಜಾರಿಗೆ ಬಂದ ‘ಶಕ್ತಿ’ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತ ಪ್ರಯಾಣವಿದೆ. ಬಸ್ ವಿರಳವಾಗಿರುವ ಹಳ್ಳಿಗಳಿಗೆ ಟಂಟಂ ಮತ್ತು ಆಟೋಗಳೇ ಆಸರೆ.

ರೈಲು

ಬನಹಟ್ಟಿಯ ಪ್ರಯಾಣಿಕರು ಸಾಂಪ್ರದಾಯಿಕವಾಗಿ ಲೋಂಡಾ–ಮಿರಜ ಮಾರ್ಗದ ಕುಡಚಿ ನಿಲ್ದಾಣಕ್ಕೆ ಹೋಗಿ ರೈಲು ಹಿಡಿಯುತ್ತಾರೆ. ಬೆಂಗಳೂರಿಗೆ ಹೋಗುವ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಇಲ್ಲಿ ನಿಲ್ಲುತ್ತದೆ. ರಾಯಬಾಗ ಮತ್ತು ಘಟಪ್ರಭಾ ಇದೇ ಮಾರ್ಗದ ಇತರ ನಿಲ್ದಾಣಗಳು. ಪೂರ್ವದವರಿಗೆ ಬಾಗಲಕೋಟೆ ನಿಲ್ದಾಣ ಹತ್ತಿರ. ಮೀಟರ್ ಗೇಜ್ ಆಗಿದ್ದ ಗದಗ–ಹೋಟಗಿ ಮಾರ್ಗವು 21ನೆಯ ಶತಮಾನದ ಮೊದಲ ದಶಕದಲ್ಲಿ ಬ್ರಾಡ್ ಗೇಜ್‌ಗೆ ಪರಿವರ್ತನೆಗೊಂಡಿತು.

ಈ ಎರಡು ಮಾರ್ಗಗಳನ್ನು ಕೂಡಿಸುವ ಯೋಜನೆಯೇ ಬಾಗಲಕೋಟೆ–ಕುಡಚಿ ಹೊಸ ರೈಲು ಮಾರ್ಗ. ಸುಮಾರು 142 ಕಿ.ಮೀ. ಉದ್ದದ ಈ ಮಾರ್ಗಕ್ಕೆ 2010–11ರಲ್ಲಿ ಮಂಜೂರಾತಿ ದೊರೆಯಿತು. ವೆಚ್ಚದ ಅರ್ಧವನ್ನು ರೈಲ್ವೆ ಇಲಾಖೆಯೂ ಇನ್ನರ್ಧವನ್ನು ರಾಜ್ಯ ಸರ್ಕಾರವೂ ಭರಿಸುವುದು, ಭೂಮಿಯನ್ನು ರಾಜ್ಯವೇ ಒದಗಿಸುವುದು ಒಪ್ಪಂದ. ಬಾಗಲಕೋಟೆಯಿಂದ ಖಜ್ಜಿಡೋಣಿಯವರೆಗಿನ ಸುಮಾರು 30 ಕಿ.ಮೀ. ಭಾಗ ಮೊದಲು ಸಿದ್ಧವಾಯಿತು. ಕಾಮಗಾರಿ ನಂತರ ಲೋಕಾಪುರದತ್ತ ಸಾಗಿತು. ಮುಂದಿನ ಭಾಗಕ್ಕೆ ಭೂಸ್ವಾಧೀನವೇ ದೊಡ್ಡ ತೊಡಕಾಯಿತು. ನೀರಾವರಿಯ ಕಬ್ಬಿನ ಭೂಮಿಯ ಪರಿಹಾರದರ ಸಹಜವಾಗಿಯೇ ವಿವಾದಕ್ಕೆ ಎಡೆಮಾಡಿತು. ಕಾಮಗಾರಿಗೆ ವೇಗ ನೀಡುವಂತೆ ಒತ್ತಾಯಿಸಿ ಜಿಲ್ಲೆಯಲ್ಲಿ ಅನೇಕ ಬಾರಿ ಧರಣಿಗಳು ನಡೆದಿವೆ. ಮಾರ್ಗ ಪೂರ್ಣಗೊಂಡರೆ ಮುದ್ದಾಪುರ ಭಾಗದ ಸಿಮೆಂಟಿಗೂ ಸಕ್ಕರೆಗೂ ಎರಡೂ ದಿಕ್ಕುಗಳಲ್ಲಿ ರೈಲು ಸಾಗಣೆ ಸಾಧ್ಯವಾಗುತ್ತದೆ.

ವಿಮಾನ

ಪ್ರದೇಶದಲ್ಲಿ ಪ್ರಯಾಣಿಕ ವಿಮಾನ ನಿಲ್ದಾಣವಿಲ್ಲ. ಬೆಳಗಾವಿಯ ಸಾಂಬ್ರಾ, ಹುಬ್ಬಳ್ಳಿ ಹಾಗೂ ಮಹಾರಾಷ್ಟ್ರದ ಕೊಲ್ಹಾಪುರ ವಿಮಾನ ನಿಲ್ದಾಣಗಳು ಬಳಕೆಯಲ್ಲಿವೆ.