ದುಡಿಮೆಗೆ ತಕ್ಕ ಇನ್ಸುಲಿನ್: ದೀರ್ಘಾವಧಿ ಚುಚ್ಚುಮದ್ದಿನ ಆಯ್ಕೆ ಹೇಗೆ?

ರಾಯಚೂರು: ಮಾನ್ವಿಯ ಗದ್ದೆಗಳಲ್ಲಿ ಭತ್ತದ ನಾಟಿ, ದೇವದುರ್ಗದ ಹೊಲಗಳಲ್ಲಿ ಹತ್ತಿ ಬಿಡಿಸುವುದು, ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಪಾಳಿ ಕೆಲಸ, ರಾಯಚೂರು ನಗರದ ಮುಂಜಾನೆಯ ನಡಿಗೆ. ಇವೆಲ್ಲವೂ ದೇಹಶ್ರಮವೇ. ಆದರೆ ಇನ್ಸುಲಿನ್ ಅವಲಂಬಿಸಿರುವ ಮಧುಮೇಹಿಗೆ ಇವು ಒಂದೇ ಬಗೆಯ ಶ್ರಮವಲ್ಲ. ಯಾವ ಇನ್ಸುಲಿನ್ ಒಳ್ಳೆಯದು ಎಂದು ಕೇಳುವುದಕ್ಕಿಂತ, ತಮ್ಮ ದಿನಚರಿಗೆ ಯಾವುದು ಹೊಂದುತ್ತದೆ ಎಂದು ಕೇಳುವುದೇ ಸರಿಯಾದ ಕ್ರಮ.

ಶ್ರಮ ಮತ್ತು ಸಕ್ಕರೆ

ಊಟವಿಲ್ಲದ ವೇಳೆಯಲ್ಲಿಯೂ ಯಕೃತ್ತು ರಕ್ತಕ್ಕೆ ಸಕ್ಕರೆಯನ್ನು ಬಿಡುತ್ತಿರುತ್ತದೆ. ಅದನ್ನು ಹಿಡಿತದಲ್ಲಿಡುವುದು ದೀರ್ಘಾವಧಿ ಇನ್ಸುಲಿನ್‌ನ ಕೆಲಸ. ಆರೋಗ್ಯವಂತರಲ್ಲಿ ದುಡಿಯುವಾಗ ಮೇದೋಜ್ಜೀರಕ ಗ್ರಂಥಿಯು ಇನ್ಸುಲಿನ್ ಸ್ರವಿಸುವುದನ್ನು ತಾನಾಗಿಯೇ ತಗ್ಗಿಸುತ್ತದೆ. ಚುಚ್ಚಿಕೊಂಡ ಇನ್ಸುಲಿನ್‌ಗೆ ಆ ವಿವೇಕವಿಲ್ಲ. ಜೊತೆಗೆ ದುಡಿಯುವ ಸ್ನಾಯುಗಳು ಹೆಚ್ಚು ಸಕ್ಕರೆಯನ್ನು ಹೀರಿಕೊಳ್ಳುತ್ತವೆ. ಈ ಪರಿಣಾಮವು 24 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಉಳಿಯಬಹುದು. ಹಗಲು ದುಡಿದವರಿಗೆ ರಾತ್ರಿ ನಿದ್ರೆಯಲ್ಲಿ ಸಕ್ಕರೆ ಕುಸಿಯುವುದು ಇದೇ ಕಾರಣಕ್ಕೆ.

ಯಾವುದು ಎಷ್ಟು ಹೊತ್ತು?

* ಎನ್‌ಪಿಎಚ್: 1946ರಲ್ಲಿ ಅಭಿವೃದ್ಧಿಪಡಿಸಲಾದ ಇದು ನಿಜವಾಗಿ ಮಧ್ಯಮಾವಧಿಯದು. ಬೆಲೆ ಕಡಿಮೆ. 12ರಿಂದ 18 ಗಂಟೆ ಕೆಲಸ ಮಾಡುತ್ತದೆ. ಚುಚ್ಚಿದ 4ರಿಂದ 10 ಗಂಟೆಗಳ ನಡುವೆ ಇದರ ಪ್ರಭಾವ ಶಿಖರ ಮುಟ್ಟುತ್ತದೆ.
* ಗ್ಲಾರ್ಜಿನ್ (ಮಿ.ಲೀ.ಗೆ 100 ಯೂನಿಟ್): ಸುಮಾರು 24 ಗಂಟೆ. ಗಮನಾರ್ಹ ಏರಿಳಿತವಿಲ್ಲ. ಬೆಂಗಳೂರಿನ ಬಯೋಕಾನ್ ಸಂಸ್ಥೆ 2009ರಲ್ಲಿ ತನ್ನ ಗ್ಲಾರ್ಜಿನ್ ಅನ್ನು ಭಾರತದ ಮಾರುಕಟ್ಟೆಗೆ ತಂದಿತು. 2022ರಲ್ಲಿ ಇದು ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಗೆ ಸೇರಿತು.
* ಗ್ಲಾರ್ಜಿನ್ (ಮಿ.ಲೀ.ಗೆ 300 ಯೂನಿಟ್): 24 ಗಂಟೆಗೂ ಮಿಕ್ಕಿದ ಪ್ರಭಾವ, ಇನ್ನಷ್ಟು ಸಮತಟ್ಟು.
* ಡೆಗ್ಲುಡೆಕ್: 42 ಗಂಟೆಗೂ ಹೆಚ್ಚು. ಪ್ರಮಾಣ ಬದಲಿಸಿದರೆ ಪೂರ್ಣ ಪರಿಣಾಮ ಕಾಣಲು 3-4 ದಿನ ಬೇಕು.

ದಿನಚರಿಗೆ ಹೊಂದಿಸುವ ಬಗೆ

ಬೆಳಿಗ್ಗೆ 6ಕ್ಕೆ ಎನ್‌ಪಿಎಚ್ ತೆಗೆದುಕೊಂಡು ಹೊಲಕ್ಕೆ ಹೋದವರಿಗೆ ಅದರ ಶಿಖರವು 10ರಿಂದ ಸಂಜೆ 4ರ ನಡುವೆ ಬರುತ್ತದೆ. ನಾಟಿಯ ಅತಿ ಕಠಿಣ ದುಡಿಮೆಯೂ ಅದೇ ಹೊತ್ತಿನದು. ಮಧ್ಯಾಹ್ನದ ಊಟ ತಡವಾದರಂತೂ ಅಪಾಯ ಇಮ್ಮಡಿಸುತ್ತದೆ. ಬೆವರು, ನಡುಕ, ತಲೆಸುತ್ತು ಕಾಣಿಸಿಕೊಂಡಾಗ 'ಬಿಸಿಲು ಬಡಿಯಿತು' ಎಂದು ನೆರಳಿಗೆ ಕರೆದೊಯ್ದು ನೀರು ಕುಡಿಸುವುದು ಸಹಜ. ಆಗ ಆ ವ್ಯಕ್ತಿಗೆ ಬೇಕಾಗಿರುವುದು ಸಕ್ಕರೆಯೂ ಇರಬಹುದು ಎಂಬುದು ಜೊತೆಗಾರರಿಗೆ ತಿಳಿದಿರಬೇಕು. ಇಂಥವರಿಗೆ ಶಿಖರವಿಲ್ಲದ ಗ್ಲಾರ್ಜಿನ್ ಹೆಚ್ಚು ಸುರಕ್ಷಿತ. ಎನ್‌ಪಿಎಚ್ ಅನಿವಾರ್ಯವಾದರೆ, ಚುಚ್ಚುವ ವೇಳೆ, ಪ್ರಮಾಣ ಹಾಗೂ ಬುತ್ತಿಯ ಸಮಯವನ್ನು ವೈದ್ಯರೊಡನೆ ಚರ್ಚಿಸಿ ಹೊಂದಿಸಿಕೊಳ್ಳಬೇಕು.

ಪಾಳಿ ಬದಲಾಗುವ ನೌಕರರಿಗೆ ಪ್ರತಿದಿನ ಅದೇ ಗಂಟೆಗೆ ಚುಚ್ಚಿಕೊಳ್ಳುವುದು ಕಷ್ಟ. ಡೆಗ್ಲುಡೆಕ್‌ನಲ್ಲಿ ಎರಡು ಚುಚ್ಚುಮದ್ದುಗಳ ನಡುವೆ ಕನಿಷ್ಠ 8 ಗಂಟೆ ಅಂತರವಿದ್ದರೆ ವೇಳೆ ಹಿಂದೆ ಮುಂದೆ ಆಗಲು ಅವಕಾಶವಿದೆ.

ಆದರೆ ಅದೇ ದೀರ್ಘತೆ ಮತ್ತೊಬ್ಬರಿಗೆ ತೊಡಕು. ಯುಗಾದಿಯ ಮುನ್ನ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಭಕ್ತರನ್ನೇ ನೋಡಿ. ದಿನಗಟ್ಟಲೆ ನಡೆಯಬೇಕಾದ ಮಧುಮೇಹಿಯು ಹೊರಡುವ ದಿನ ಡೆಗ್ಲುಡೆಕ್ ಕಡಿಮೆ ಮಾಡಿದರೆ ಅಂದಿಗೆ ಪ್ರಯೋಜನವಾಗದು. ವೈದ್ಯರ ಸಲಹೆಯಂತೆ 3-4 ದಿನ ಮೊದಲೇ ತಗ್ಗಿಸಬೇಕು. ದುಡಿಮೆಯು ದಿನದಿಂದ ದಿನಕ್ಕೆ ಬದಲಾಗುವವರಿಗೆ 100 ಯೂನಿಟ್‌ನ ಗ್ಲಾರ್ಜಿನ್ ಹೊಂದಿಸಿಕೊಳ್ಳಲು ಸುಲಭ.

ದಿನವೂ ಮುಕ್ಕಾಲು ಗಂಟೆ ನಡೆಯುವ ನಗರವಾಸಿಗೆ ಇವುಗಳಲ್ಲಿ ಯಾವುದಾದರೂ ಹೊಂದೀತು. ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನೂ ಸೇವಿಸುತ್ತಿದ್ದರೆ ಮಾತ್ರ ಸಕ್ಕರೆ ಕುಸಿಯುವ ಸಂಭವ ಹೆಚ್ಚು.

ಬಿಸಿಲ ನಾಡಿನ ಸಮಸ್ಯೆ

ರಾಯಚೂರಿನ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ತೆರೆಯದ ಇನ್ಸುಲಿನ್ ಅನ್ನು 2ರಿಂದ 8 ಡಿಗ್ರಿಯಲ್ಲಿಡಬೇಕು, ಹೆಪ್ಪುಗಟ್ಟಲು ಬಿಡಬಾರದು. ಬಳಕೆಯಲ್ಲಿರುವ 100 ಯೂನಿಟ್‌ನ ಗ್ಲಾರ್ಜಿನ್ 30 ಡಿಗ್ರಿಯೊಳಗೆ 28 ದಿನ ಬಾಳುತ್ತದೆ, ಡೆಗ್ಲುಡೆಕ್ 56 ದಿನ. ಹೊಲಕ್ಕೆ ಒಯ್ದ ಪೆನ್ ಅನ್ನು ಬೈಕಿನ ಡಿಕ್ಕಿಯಲ್ಲೋ ಬಿಸಿಲಿನ ಚೀಲದಲ್ಲೋ ಬಿಡಬಾರದು. ಫ್ರಿಜ್ ಇಲ್ಲದ ಮನೆಗಳಲ್ಲಿ, ಗುಳೆ ಹೋದವರ ಗುಡಿಸಲುಗಳಲ್ಲಿ, ಒದ್ದೆ ಮರಳಿನ ನಡುವೆ ಇಟ್ಟ ಮಣ್ಣಿನ ಮಡಕೆ ನೆರವಿಗೆ ಬರುತ್ತದೆ. ಇನ್ಸುಲಿನ್‌ಗೆ ನೀರು ತಾಗದಂತೆ ನೋಡಿಕೊಂಡರಾಯಿತು.

ಬದಲಿಸುವಾಗ ಎಚ್ಚರ

ನಮ್ಮಲ್ಲಿ ಎನ್‌ಪಿಎಚ್ ಬಾಟಲಿಗಳು ಹೆಚ್ಚಾಗಿ ಮಿ.ಲೀ.ಗೆ 40 ಯೂನಿಟ್‌ನವು. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. 100 ಯೂನಿಟ್‌ನ ಬಾಟಲಿಗೆ ಕಿತ್ತಳೆ ಮುಚ್ಚಳದ ಸಿರಿಂಜ್. 100 ಯೂನಿಟ್‌ನ ಔಷಧವನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಅದೇ ಗೆರೆಯವರೆಗೆ ತುಂಬಿದರೆ ಎರಡೂವರೆ ಪಟ್ಟು ಇನ್ಸುಲಿನ್ ದೇಹ ಸೇರುತ್ತದೆ. ದಿನಕ್ಕೆ ಎರಡು ಬಾರಿಯ ಎನ್‌ಪಿಎಚ್‌ನಿಂದ ಒಂದು ಬಾರಿಯ ಗ್ಲಾರ್ಜಿನ್‌ಗೆ ಬದಲಾಗುವಾಗ ಒಟ್ಟು ಪ್ರಮಾಣವನ್ನು ಸಾಮಾನ್ಯವಾಗಿ ಶೇ 20ರಷ್ಟು ಇಳಿಸಿ ಆರಂಭಿಸಲಾಗುತ್ತದೆ. ಗ್ಲಾರ್ಜಿನ್ ಅನ್ನು ಬೇರೆ ಇನ್ಸುಲಿನ್ ಜೊತೆ ಒಂದೇ ಸಿರಿಂಜಿನಲ್ಲಿ ಬೆರೆಸಬಾರದು.

ನೆನಪಿಡಿ

* ಸಕ್ಕರೆ 70 ಮಿ.ಗ್ರಾಂಗಿಂತ ಇಳಿದರೆ 3 ಚಮಚ ಸಕ್ಕರೆ ಅಥವಾ 15 ಗ್ರಾಂ ಗ್ಲೂಕೋಸ್ ಸೇವಿಸಿ. 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ.
* ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ.
* ನಡಿಗೆ, ಸೈಕಲ್ ಸವಾರಿಗೆ ಮುನ್ನ ತೊಡೆಗೆ ಚುಚ್ಚದೆ ಹೊಟ್ಟೆಗೆ ಚುಚ್ಚಿಕೊಳ್ಳುವುದು ಲೇಸು.
* ಹೆಚ್ಚು ದುಡಿದ ದಿನ ಮಲಗುವ ಮುನ್ನ ತಪ್ಪದೆ ಸಕ್ಕರೆ ಪರೀಕ್ಷಿಸಿಕೊಳ್ಳಿ.
* ಒಂದನೇ ವಿಧದ ಮಧುಮೇಹಿಗಳು ಯಾವ ಕಾರಣಕ್ಕೂ ದೀರ್ಘಾವಧಿ ಇನ್ಸುಲಿನ್ ಅನ್ನು ಪೂರ್ಣ ನಿಲ್ಲಿಸಬಾರದು.

ವೈದ್ಯರ ಬಳಿ ಹೋಗುವಾಗ ಒಂದು ವಾರದ ಸಕ್ಕರೆಯ ಅಂಕಿಗಳ ಜೊತೆಗೆ ಎದ್ದ, ಉಂಡ, ದುಡಿದ, ಮಲಗಿದ ವೇಳೆಯನ್ನೂ ಬರೆದುಕೊಂಡು ಹೋಗಿ. ತಾಲ್ಲೂಕು ಆಸ್ಪತ್ರೆಯಾಗಲಿ, ರಾಯಚೂರಿನ ರಿಮ್ಸ್ ಆಗಲಿ, ಸರಿಯಾದ ಇನ್ಸುಲಿನ್ ಆರಿಸಲು ವೈದ್ಯರಿಗೆ ಆ ಒಂದು ಹಾಳೆ ಬಹಳಷ್ಟು ನೆರವಾಗುತ್ತದೆ.