ಡಿಸ್ಕೋ ದೀವಾನೆ ಮತ್ತು ನಮ್ಮೂರ ಬಿಡ್ಡು

ನಮ್ಮ ಬಿನ್ನಿಪೇಟೆಯಲ್ಲಿ ಗಣೇಶನನ್ನು ಬಿಡುವ ದಿನ. ತಮಟೆಯವರು ಉಸಿರು ತೆಗೆದುಕೊಳ್ಳಲು ನಿಂತಿದ್ದೇ ತಡ, ಸ್ಪೀಕರಿನಲ್ಲಿ 'ಡಿಸ್ಕೋ ದೀವಾನೆ' ಶುರುವಾಯಿತು. "ಇದು ಆಲಿಯಾ ಭಟ್ ಹಾಡಲ್ವಾ?" ಅಂದ ಪಕ್ಕದ ಮನೆ ಹುಡುಗ. ಅಲ್ಲಪ್ಪ, ಅವಳು ಹುಟ್ಟುವುದಕ್ಕೂ ಹನ್ನೆರಡು ವರ್ಷ ಮುಂಚಿನದು, ಅದನ್ನು ಮಾಡಿದವರು ನಮ್ಮ ಬೆಂಗಳೂರಿನವರು ಅಂದೆ. ಅವನು ನಂಬಲಿಲ್ಲ. ಅದಕ್ಕೇ ಈ ಪೋಸ್ಟು :)

ಆ ಬೆಂಗಳೂರಿಗರ ಹೆಸರು ಬಿಡ್ಡು ಅಪ್ಪಯ್ಯ. ಕೊಡವರು. ಇಲ್ಲಿ 'ಟ್ರೋಜನ್ಸ್' ಅನ್ನೋ ಬ್ಯಾಂಡಿನಲ್ಲಿ ಹಾಡಿಕೊಂಡಿದ್ದವರು 1960ರ ದಶಕದಲ್ಲಿ ಇಂಗ್ಲೆಂಡಿಗೆ ಹೋದರು. 1974ರಲ್ಲಿ ಅವರು ಕಾರ್ಲ್ ಡಗ್ಲಸ್‌ಗೆ ಮಾಡಿಕೊಟ್ಟ 'ಕುಂಗ್ ಫೂ ಫೈಟಿಂಗ್' ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು. ತಮಾಷೆ ಅಂದರೆ, ಅದನ್ನು ರೆಕಾರ್ಡ್ ಮಾಡಿದ್ದು ತಟ್ಟೆಯ ಹಿಂಬದಿ ತುಂಬಿಸೋಕೆ!

1980ರ 'ಕುರ್ಬಾನಿ'ಗೆ ಬಿಡ್ಡು ಒಂದೇ ಒಂದು ಹಾಡು ಮಾಡಿದರು, 'ಆಪ್ ಜೈಸಾ ಕೋಯಿ'. ಹಾಡಿದ್ದು ಕರಾಚಿಯ ನಾಜಿಯಾ ಹಸನ್, ವಯಸ್ಸು ಹದಿನೈದು. ಮರುವರ್ಷ ತಮ್ಮ ಜೊಹೇಬ್ ಜೊತೆ 'ಡಿಸ್ಕೋ ದೀವಾನೆ' ಆಲ್ಬಮ್ ಬಂತು. ಹಾಡು ಅಂದರೆ ಸಿನಿಮಾ ಹಾಡೇ ಅಂದುಕೊಂಡಿದ್ದ ಕಾಲದಲ್ಲಿ ಹೀರೋ ಇಲ್ಲ, ಕಥೆ ಇಲ್ಲ. ಬರೀ ಸಿಂತಸೈಸರ್ ಮತ್ತು ಇಬ್ಬರು ಹುಡುಗರ ದನಿ. ಆದರೂ ಭಾರತ, ಪಾಕಿಸ್ತಾನ ಎರಡೂ ಕಡೆ ಜನ ಮುಗಿಬಿದ್ದು ಕೊಂಡರು.

1982ರಲ್ಲಿ ಇವರ ಹಾಡುಗಳಿದ್ದ 'ಸ್ಟಾರ್' ಸಿನಿಮಾ ಮಕಾಡೆ ಮಲಗಿತು, ಅದರ 'ಬೂಮ್ ಬೂಮ್' ಮಾತ್ರ ಉಳಿಯಿತು. 1984ರಲ್ಲಿ 'ಯಂಗ್ ತರಂಗ್', 1987ರಲ್ಲಿ 'ಹಾಟ್‌ಲೈನ್', 1992ರಲ್ಲಿ 'ಕ್ಯಾಮೆರಾ ಕ್ಯಾಮೆರಾ'. ಅಲ್ಲಿಗೆ ಜೋಡಿಯ ಕಥೆ ಮುಗಿಯಿತು. 2000ದ ಆಗಸ್ಟ್ 13ರಂದು ನಾಜಿಯಾ ಲಂಡನ್ನಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಬರೀ 35 ವರ್ಷ.

ಆದರೆ ಹಾಡು ಸಾಯಲಿಲ್ಲ. 2012ರಲ್ಲಿ 'ಸ್ಟೂಡೆಂಟ್ ಆಫ್ ದಿ ಇಯರ್'ಗಾಗಿ ವಿಶಾಲ್-ಶೇಖರ್ ಅದನ್ನು ಹೊಸದಾಗಿ ಕಟ್ಟಿದರು. ಸುನಿಧಿ ಚೌಹಾಣ್, ಬೆನ್ನಿ ದಯಾಳ್ ಜೊತೆಗೆ ನಾಜಿಯಾರ ಹಳೇ ದನಿಯನ್ನೂ ಇಟ್ಟುಕೊಂಡರು. 2018ರ ಏಪ್ರಿಲ್ 3ಕ್ಕೆ, ಅವರ ಹುಟ್ಟುಹಬ್ಬದಂದು, ಗೂಗಲ್ ಡೂಡಲ್ಲೂ ಬಂತು.

ನನಗೆ ಕಾಡೋದು ಬೇರೆ. ನಮ್ಮೂರು ಕೋಡ್ ಕಳಿಸಿದ್ದನ್ನು ದಿನಾ ಹೇಳಿಕೊಳ್ತೀವಿ, ಇಲ್ಲಿಂದ ಹೋದ ಈ ಬೀಟ್ ಮಾತ್ರ ಯಾಕೋ ಯಾರ ನೆನಪಲ್ಲೂ ಇಲ್ಲ. ಎಲ್ಲೆಲ್ಲೋ ಸುತ್ತಿ ಅದು ವಾಪಸ್ ಗಣೇಶನ ಮುಂದೆ ಬಂದಾಗಲೂ ಗುರುತು ಹಿಡಿಯಲಿಲ್ಲವಲ್ಲ...

ಎಲ್ಲ ಕೇಳಿದ ಮೇಲೆ ಆ ಹುಡುಗ ಅಂದ: "ಹಾಗಾದ್ರೆ ಈಗ ಕೇಳಿಸ್ತಿರೋ ಹುಡುಗಿ ಇಲ್ವಾ?" ನಾನು ಏನೋ ಹೇಳಬೇಕು ಅನ್ನುವಷ್ಟರಲ್ಲಿ ತಮಟೆ ಮತ್ತೆ ಶುರುವಾಯಿತು.

ನಿಮ್ಮ ಮನೆಯ ಅಟ್ಟದಲ್ಲಿ ಈ ಕ್ಯಾಸೆಟ್ ಇದೆಯಾ? ಇದ್ದರೆ ತಿಳಿಸಿ.